ಬೀಜದ ಹಕ್ಕು

“ಸೂಳಿಮಗನ, ಬಾಯಿ ಬಿಡ್ತೀಯೋ ಇಲ್ಲೋ? ನಿನ್ನ ಬಡಕಲ ಆಕಳಿಗೆ ಇಂಥಾ ಕರಾ ಹ್ಯಾಂಗ ಹುಟ್ಟಿತಲೇ?”

ಸಿದ್ಧರಾಮಗೌಡ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ಪಕ್ಕದಲ್ಲಿ ಪಂಚರು, ಸುತ್ತ ಊರ ಜನ. ಕೆಳಗೆ ಬಿಸಿಲಲ್ಲಿ ಮಲ್ಲಣ್ಣ ಟವೆಲನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದ. ಗೌಡನಿಗಿಂತ ವಯಸ್ಸಿನಲ್ಲಿ ದೊಡ್ಡವನು. ತಿಳಿವಳಿಕೆ ಬಂದಾಗಿನಿಂದ ಗೌಡರ ಮನೆಯ ಚಾಕರಿಯವನು. ಅವನ ಹಿಂದೆ ಮಗಳು ಯಶೋಧಾ ಕರುವಿನ ಹಗ್ಗ ಹಿಡಿದಿದ್ದಳು. ಕರು ಮಾತ್ರ ಯಾರ ಹೆದರಿಕೆಯೂ ಇಲ್ಲದೆ ಕಟ್ಟೆಯ ಕಲ್ಲು ನೆಕ್ಕುತ್ತಿತ್ತು.

ಹಾಲುಬಣ್ಣ, ಉದ್ದ ಮುಖ, ಹೆಗಲ ಮೇಲೆ ಈಗಲೇ ಉಬ್ಬತೊಡಗಿದ ಹಿಣಿಲು. ಗೌಡರ ಖಿಲಾರಿ ಹೋರಿಯ ಪಡಿಯಚ್ಚು. ಕನ್ನೊಳ್ಳಿಯಿಂದಲೂ ಜನ ಆಕಳು ಹೊಡೆದುಕೊಂಡು ಬಂದು ಆ ಹೋರಿಗಾಗಿ ಕಾಯುತ್ತಿದ್ದರು. ಕೇರಿಯ ಆಕಳಿಗೆ ಮಾತ್ರ ಬಿಡುತ್ತಿರಲಿಲ್ಲ. ಹೋರಿ ಕೆಡುತ್ತದೆ ಎನ್ನುವುದು ಗೌಡನ ಮಾತು. ಅದರ ಸೆಗಣಿ ಬಳಿಯುವವಳು, ಮೈ ತಿಕ್ಕುವವಳು ಕೇರಿಯ ಯಶೋಧಾ. ಅದರಿಂದ ಹೋರಿ ಕೆಡುತ್ತಿರಲಿಲ್ಲ.

ಹೋರಿ ಬಿಟ್ಟವಳೂ ಅವಳೇ. ಗೌಡರ ಮನೆಮಂದಿಯೆಲ್ಲ ಬಾಗೇವಾಡಿಗೆ ಮದುವೆಗೆ ಹೋಗಿದ್ದ ಮಧ್ಯಾಹ್ನ, ಬೆದೆಗೆ ಬಂದ ತಮ್ಮ ಆಕಳನ್ನು ಹಿತ್ತಲ ಬಾಗಿಲಿಂದ ತಂದು, ಹೋರಿಯ ಹಗ್ಗ ಬಿಚ್ಚಿ, ತಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಯಾವ ಓಣಿಯ ಆಕಳೆಂದು ಹೋರಿ ಕೇಳಲಿಲ್ಲ. ಗಂಡು ಕರು ಹುಟ್ಟಿ ಬೆಳೆದರೆ ತಮ್ಮದೇ ಹೋರಿ. ನಾಕು ಊರಿನವರು ತಮ್ಮ ಅಂಗಳಕ್ಕೆ ಆಕಳು ತರುತ್ತಾರೆ. ಅಪ್ಪ ಗೌಡರ ಕೊಟ್ಟಿಗೆಗೆ ಬೆನ್ನು ಹಾಕಿ ಬರಬಹುದು. ಅವಳ ಆಸೆ ಇಷ್ಟೇ ಇತ್ತು.

ಆ ಕೊಟ್ಟಿಗೆಯಲ್ಲೇ ಗೌಡನ ಮಗ ಅಮಿತ ಬೀಗರಿಗೆ ಮೊಬೈಲು ತೋರಿಸಿ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. “ಫಾರೆನ್ನಿನಾಗ ಸಂಶೋಧನಾ ಮಾಡ್ಯಾರ್ರಿ ಮಾವಾರ. ಬುದ್ಧಿ, ಅಂತಸ್ತು, ಎಲ್ಲಾ ಜೀನ್ಸ್‌ನಾಗ ಬರ್ತೈತಂತ. ಇವರಿಗೆ ಸಾಲಿ ಕೊಡ್ರಿ, ಹಾಸ್ಟೆಲ್ ಕೊಡ್ರಿ, ನೌಕರಿ ಕೊಡ್ರಿ, ತಿರಗಿ ಹೆಂಡಿ ಬಳ್ಯಾಕ ಬರ್ತಾರ. ಬೀಜದಾಗ ಇಲ್ಲದ್ದು ಎಲ್ಲಿಂದ ಬರಬೇಕು?”

ಸೆಗಣಿ ಬುಟ್ಟಿ ಹೊತ್ತ ಯಶೋಧಾಳನ್ನು ಬೀಗರು ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದ್ದರು. ಗೌಡ ದುಡ್ಡು ಸುರಿದು ಕೊಡಿಸಿದ ಇಂಜಿನಿಯರಿಂಗ್ ಸೀಟನ್ನು ಅಮಿತ ಅರ್ಧಕ್ಕೆ ಬಿಟ್ಟು ಬಂದಿದ್ದ. ಅದು ಯಾವ ಬೀಜದ್ದೆಂದು ಅವರು ಕೇಳಲಿಲ್ಲ. ಯಶೋಧಾ ಶಾಲೆ ಬಿಟ್ಟದ್ದು ಮಾತ್ರ ಬೀಜದಿಂದಲ್ಲ. ಕೊಟ್ಟಿಗೆಗೆ ಆಳಿಲ್ಲ, ಹುಡುಗಿಯನ್ನು ಕಳಿಸೆಂದು ಗೌಡ್ತಿ ಹೇಳಿಕಳಿಸಿದ್ದರಿಂದ.

“ಕರಾ ಗೌಡರ ಹೋರೀದ ಅನ್ನೂದಕ್ಕ ಪುರಾವೆ ಬೇಕಲ್ರಿ,” ಎಂದ ಪಂಚರಲ್ಲಿ ಹಿರಿಯನಾದ ಕಾಳಪ್ಪ. ನ್ಯಾಯ ನಡೆದಂತೆ ಕಾಣಲಿ ಎಂದು ಅವನ ಆಸೆ.

“ರಕ್ತ ತಗದು ಡಿಎನ್‌ಎ ಮಾಡಸ್ತೇನಿ,” ಎಂದ ಅಮಿತ. “ಬೀಜ ಯಾರದಂತ ಕಾಗದದಾಗ ಬರ್ತೈತಿ.”

“ಗೌಡರದ ಅಂತ ಬಂದ್ರ?” ಎಂದ ಕಾಳಪ್ಪ.

ಗೌಡ ಇಡೀ ಊರಿಗೆ ಕೇಳಿಸುವಂತೆ ಗದ್ದರಿಸಿದ. “ಬಂದ್ರ ಏನು ಬಂದ್ರ! ಬೀಜ ಯಾರದೋ ಹಕ್ಕ ಅವರದು. ಯಾರ ಹೊಟ್ಟ್ಯಾಗ ಹುಟ್ಟಿದ್ರೇನು, ಯಾರ ಗೂಟಕ್ಕ ಕಟ್ಟಿದ್ರೇನು? ಬೀಜದ ಮನಿಗೆ ಬರಬೇಕು!”

“ಖರೇ ಐತ್ರಿ,” ಎಂದರು ಪಂಚರು.

ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದ ಹುಲಿಗೆವ್ವ ಬಾಯೊಳಗಿನ ತಂಬಾಕು ಉಗಿದಳು. ಮಲ್ಲಣ್ಣನ ತಾಯಿ, ಹಣ್ಣು ಮುದುಕಿ.

“ಇನ್ನೊಮ್ಮಿ ಅನ್ನು ಗೌಡಾ. ನನ್ನ ಕಿವಿ ಮಂದ.”

“ಏನಬೇ ನಿಂದು?”

“ಬೀಜದ ಮನಿಗೆ ಬರಬೇಕಂದಿ. ಛಲೋ ಮಾತ ಆಡಿದಿ. ಮಲ್ಯಾ, ಆ ಟವಾಲ ತಲಿಗೆ ಸುತ್ತು. ಹೋಗು, ಗೌಡನ ಮಗ್ಗಲಕ ನಿಂದ್ರು.”

“ಯವ್ವಾ, ನಿನ್ನ ಕಾಲ ಬೀಳ್ತೇನಿ, ಸುಮ್ಮ ಕುಂದ್ರು.”

“ಸುಮ್ಮ ಕುಂತು ಕುಂತ ಕುಂಡಿ ಸವದಾವು.” ಮುದುಕಿ ಎದ್ದು ಬಂದು ಮಗನ ಗದ್ದ ಹಿಡಿದು ಮೇಲೆತ್ತಿದಳು. ಎಡಕ್ಕೆ ಸೊಟ್ಟಗಾದ ಗೌಡನದೇ ಮೂಗು, ಕೂಡಿದ ಗೌಡನದೇ ಹುಬ್ಬು. ಇಬ್ಬರೂ ಹುಟ್ಟಿದಾಗಿನಿಂದ ನೋಡಿದ ಮುಖಗಳೇ ಆಗಿದ್ದರೂ ಈಗ ಎಲ್ಲಿ ನೋಡಬೇಕೆಂದು ಊರಿಗೆ ತಿಳಿಯಲಿಲ್ಲ. ಯಾರೋ ನಗು ನುಂಗಲು ಹೋಗಿ ಕೆಮ್ಮಿದರು.

“ಕೇರಿ ಆಕಳಿಗೆ ಬಿಟ್ರ ಹೋರಿ ಕೆಡತೈತಂತಿ. ನಿಮ್ಮಪ್ಪ ಜ್ವಾಳದ ಹೊಲದಾಗ ನನ್ನ ಬಾಯಾಗ ಸೆರಗ ತುರುಕಿದಾಗ ಕೆಡಲಿಲ್ಲಲ್ಲೋ. ಕೈ ತೊಳಕೊಂಡು ಪೂಜಿಗೆ ಹೋದ. ಏ ಅಮಿತಾ, ಕಾಗದ ಎರಡ ತರಸಪಾ. ಒಂದು ಕರದ್ದು, ಒಂದು ನಿಮ್ಮ ದೊಡ್ಡಪ್ಪಂದು.”

ಗೌಡ ಕಟ್ಟೆಯಿಂದ ಧುಮುಕಿದ. ಮುದುಕಿಗೆ ಹೊಡೆಯಲಿಲ್ಲ, ಮಲ್ಲಣ್ಣನ ಬಾಯಿಗೆ ಬಾರಿಸಿದ. “ಅವ್ವನ ಬಾಯಿ ಹಿಡ್ಯಾಕ ಬರೂದಿಲ್ಲಲೇ ಭಾಡ್ಯಾ?”

ಮಲ್ಲಣ್ಣನ ತುಟಿ ಒಡೆಯಿತು. “ತಪ್ಪಾತ್ರಿ ಧಣೇರ,” ಎಂದು ಬಗ್ಗಿದ.

“ಆತು ಬಿಡ್ರಿ, ಹಳೇದೆಲ್ಲಾ ಯಾಕ ಕೆದರೂದು?” ಕಾಳಪ್ಪ ಗಡಿಬಿಡಿಯಿಂದ ತೀರ್ಪು ಕೊಟ್ಟ. “ಕಾಗದ ಬರೂತನಕ ಕರಾ ಗೌಡರ ಮನ್ಯಾಗ ಇರಲಿ.”

ಆಳುಗಳು ಎಳೆದರೆ ಕರು ಒದ್ದಿತು. ಗೌಡ ಯಶೋಧಾಳತ್ತ ಕೈ ಬೀಸಿದ. “ಏ ಹುಡುಗಿ, ನೀನ ಹೊಡಕೊಂಡ ಬಾ.”

“ಹೂನ್ರಿ,” ಎಂದಳು. ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

ಅವಳು ಮುಂದೆ, ಊರು ಹಿಂದೆ. ಕೊಟ್ಟಿಗೆಯ ಕಡೆ ತಿರುಗುವಲ್ಲಿ ಅವಳು ತಿರುಗಲಿಲ್ಲ. ಕೇರಿಯವರು ಮೆಟ್ಟಿಲ ಕೆಳಗೇ ನಿಂತು ಕೂಗಬೇಕಾದ ದೊಡ್ಡ ಬಾಗಿಲು ತೆರೆದಿತ್ತು. ಮೆಟ್ಟಿಲೇರಿದಳು. ಕರು ಅನುಮಾನಿಸಿ, ಆಮೇಲೆ ಹಾರಿ, ಅವಳ ಹಿಂದೆಯೇ ಹೊಸ್ತಿಲು ದಾಟಿತು. ಪಡಸಾಲೆಯಲ್ಲಿ ಹಿರಿಯ ಗೌಡನ ಫೋಟೋಕ್ಕೆ ಗಂಧದ ಹಾರ. ಅದರ ಕೆಳಗಿನ ಕಂಬಕ್ಕೆ ಹಗ್ಗ ಬಿಗಿದಳು. ನುಣ್ಣನೆಯ ನೆಲದ ಮೇಲೆ ಕರು ಜಾರಿ, ಸಾವರಿಸಿಕೊಂಡು, ಧಾರೆಯಾಗಿ ಉಚ್ಚೆ ಹೊಯ್ಯತೊಡಗಿತು.

“ಅಯ್ಯಯ್ಯ, ಮೈಲಿಗಿ! ಏ ರಂಡೇ, ಎಲ್ಲಿ ಬಂದೀಬೇ?” ಒಳಗಿನಿಂದ ಗೌಡ್ತಿ ಕಿರುಚಿದಳು.

“ಬೀಜದ ಮನಿಗೆ ಬಂದೇನ್ರಿ. ಗೌಡ್ರ ಹೇಳ್ಯಾರ.”

ಯಶೋಧಾ ಬಾಗಿಲಿಗೆ ತಿರುಗಿದಳು. ಅಂಗಳದಲ್ಲಿ ಗೌಡ ಬಡಿಗೆ ತರಲು ಕೂಗುತ್ತಿದ್ದ. ಅಮಿತನ ಮೊಬೈಲು ಕೈಯಲ್ಲೇ ಇತ್ತು. ಮೆಟ್ಟಿಲ ಬುಡದಲ್ಲಿ, ತುಟಿಯ ರಕ್ತ ಒರೆಸದೆ, ಅಪ್ಪ ನಿಂತಿದ್ದ.

“ಎಪ್ಪಾ, ಒಳಗ ಬಾ. ಇಲ್ಲಿ ನೆಳ್ಳ ಐತಿ.”

ಮಲ್ಲಣ್ಣ ರೂಢಿಯಂತೆ ಚಪ್ಪಲಿ ಬಿಟ್ಟ. ಬರಿಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟ. ಮೇಲಿನಿಂದ ಕರುವಿನ ಉಚ್ಚೆ ಹೊಸ್ತಿಲು ದಾಟಿ, ಒಂದೊಂದೇ ಮೆಟ್ಟಿಲು ಇಳಿದು, ಅವನ ಬೆರಳುಗಳ ಕಡೆ ಹರಿದು ಬರುತ್ತಿತ್ತು. ಹಿಂದೆ ಯಾರೋ ಬಡಿಗೆ ತಂದರು. ಅವನು ಕಾಲು ತೆಗೆಯಲಿಲ್ಲ.