ವಿಮಾನ ಇಳಿಸಿದ ಕೈ

ಹಿಲ್ಡಾ ಶವಪೆಟ್ಟಿಗೆಯೊಳಗೆ ಕೈಹಾಕಿ ಗಂಡ ವಿಲ್ಫ್‌ನ ಕೋಟಿನ ಎದೆಯ ಮೇಲಿದ್ದ ಹಿತ್ತಾಳೆಯ ರೆಕ್ಕೆಯಾಕಾರದ ಬಿಲ್ಲೆಯನ್ನು ಎಳೆದಳು. ಪಿನ್ನು ಬಟ್ಟೆಗೆ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಎಳೆದಾಗ ನೂಲೆಳೆಯೊಂದು ಹರಿದು ರೆಕ್ಕೆ ಕೈಗೆ ಬಂತು. ಅದನ್ನು ಸಿರಿಲ್‌ನ ಅಂಗೈಗೆ ಒತ್ತಿದಳು.

"ಇದನ್ನ ಚುಚ್ಚು ಅಂತ ನಿನ್ನ ಯಾರು ಕೇಳಿದ್ರು?"

ಸಿರಿಲ್ ನೆಲದಲ್ಲಿ ನಿಂತು ರೇಡಿಯೋದಿಂದ ನಡೆಸುವ ಪುಟ್ಟ ವಿಮಾನಗಳ ಕ್ಲಬ್ಬಿನಲ್ಲಿ ಹೊಸಬರಿಗೆ ಹಾರಿಸಲು ಕಲಿಸುವವನು. ವಿಲ್ಫ್‌ನ ಶಾಲೆಯ ಗೆಳೆಯ ಕೂಡ. ಅಂಗೈಯನ್ನೇ ನೋಡುತ್ತ ನಿಂತ. "ಕ್ಲಬ್ಬಿನವರೆಲ್ಲ ಸೇರಿ ತೀರ್ಮಾನ ಮಾಡಿದ್ವು ಹಿಲ್ಡಾ. ರೆಕ್ಕೆ ಹಾಕ್ಕೊಂಡೇ ಹೋಗ್ಲಿ ಅಂತ. ಒಬ್ಬರೇ ವಿಮಾನ ಇಳಿಸಿದವರಿಗೆ ಕೊಡೋದಲ್ವಾ ಅದು."

"ಅವನು ಹೋಗ್ತಾನೆ. ಇಲ್ಲಿ ಉಳಿಯೋಳು ನಾನು. ಮುಂದಿನ ತಿಂಗಳು ಅವನ ಕೈಯ ಪರಿಹಾರದ ಮೇಲ್ಮನವಿ ಇರೋದು ನನ್ನ ಹೆಸರಲ್ಲಿ. ಮರೆತುಬಿಟ್ಯಾ?"

ಮುಂಗೋಣೆಯ ಪರದೆಗಳನ್ನು ಮೂರು ದಿನದಿಂದ ಎಳೆದೇ ಇಟ್ಟಿದ್ದರು. ಕಿಟಕಿಯ ಬಳಿ ಹೊಸ ಪಾದ್ರಿ ಆಬ್ರಿ ಟೀ ಬಟ್ಟಲು ಹಿಡಿದು ಕುಳಿತಿದ್ದ. ದಕ್ಷಿಣದ ಕಡೆಯ ಹುಡುಗ. ಸ್ಕೆಲ್‌ಥಾರ್ಪ್ ಎಂಬ ಈ ಗಣಿಯೂರಿಗೆ ಬಂದು ಇನ್ನೂ ಒಂದು ಚಳಿಗಾಲ ದಾಟಿರಲಿಲ್ಲ. ವಿಲ್ಫ್‌ನ ಅಕ್ಕ ಏಡಾ ಅವನ ಮುಂದೆ ಉಪ್ಪು ಹಾಕಿದ ಹಂದಿಮಾಂಸದ ತಟ್ಟೆ ಚಾಚಿದಳು.

"ತಗೊಳಿ ಪಾದ್ರಿಗಳೇ. ಹ್ಯಾಮ್ ಇಲ್ದೆ ನಮ್ಮ ಮನೇಲಿ ಯಾರನ್ನೂ ಹೂತಿಲ್ಲ. ನಮ್ಮಪ್ಪನ್ನ ಹೂತಾಗ ಮುಷ್ಕರ ನಡೀತಿತ್ತು, ಆಗ್ಲೂ ಇತ್ತು. ಎಲ್ಲಿಂದ ಬಂತು ಅಂತ ಮಾತ್ರ ಕೇಳ್ಬೇಡಿ."

ಆಬ್ರಿ ಹಿಲ್ಡಾಳತ್ತ ತಿರುಗಿದ. "ಮಿಸೆಸ್ ಆಸ್ಕ್ಯೂ, ಅವರು ವಿಮಾನ ಇಳಿಸಿದ್ದನ್ನೇ ಇಟ್ಕೊಂಡು ನಾನು ನಾಲ್ಕು ಮಾತು ಆಡೋಣ ಅಂತಿದ್ದೆ. ಗಣಿಯ ಕತ್ತಲಿಂದ ಆಕಾಶಕ್ಕೆ ಏರಿದ ಮನುಷ್ಯ ಅಂತ. ಆಮೇಲೆ ಸಿರಿಲ್ ಅವರೂ ಮಾತಾಡ್ತಾರೆ."

"ಆಡಿ. ಗಣಿ ಕಂಪನಿಯವನು ಎರಡನೇ ಸಾಲಲ್ಲಿ ಕೂತು ಕಿವಿತುಂಬ ತುಂಬ್ಕೊಂಡು ಹೋಗ್ತಾನೆ. 'ದೇವರ ಮನೇಲಿ ಪಾದ್ರೀನೇ ಹೇಳಿದ್ರು, ಆಸ್ಕ್ಯೂನ ಕೈ ಗಟ್ಟಿಮುಟ್ಟಾಗಿತ್ತು' ಅಂತ ಮುಂದಿನ ತಿಂಗಳು ಹೇಳ್ತಾನೆ." ಹಿಲ್ಡಾ ಪೆಟ್ಟಿಗೆಯ ಕಡೆ ತಿರುಗಿದಳು. "ಅವರ ದುಡ್ಡಿಗೆ ಬೆಂಕಿ ಬೀಳ್ಲಿ. ಇವನನ್ನ ಸುಳ್ಳುಗಾರ ಅಂತ ಬರೆದಿದ್ದಾರಲ್ಲ, ಅದನ್ನ ಅವರ ಕೈಯಲ್ಲೇ ಅಳಿಸ್ಬೇಕು ನಾನು."

*

ಗಣಿ ಮುಚ್ಚಿದ ಮರುವರ್ಷ ವಿಲ್ಫ್ ಆ ವಿಮಾನವನ್ನು ರಟ್ಟಿನ ಡಬ್ಬದಲ್ಲಿ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದ. ರೆಕ್ಕೆ ಮೇಲ್ಗಡೆ ಕೂರುವ, ಕಲಿಯುವವರಿಗೆಂದೇ ಮಾಡಿದ ಸಾಧು ವಿಮಾನ. ರೇಡಿಯೋ ಪೆಟ್ಟಿಗೆಯ ಕಡ್ಡಿ ಬಿಟ್ಟರೆ ತಾನಾಗಿ ನೆಟ್ಟಗಾಗುವಂಥದ್ದು. ಅದನ್ನು ಜೋಡಿಸಲು ಹೊರಟ ಕೈಗಳೋ, ಹರೆಯದಿಂದ ಕಲ್ಲಿದ್ದಲ ಗೋಡೆಗೆ ಕೊರೆಯುವ ಯಂತ್ರ ಒತ್ತಿಹಿಡಿದ ಕೈಗಳು. ಯಂತ್ರ ನಡುಗಿ ನಡುಗಿ ಬೆರಳೊಳಗಿನ ರಕ್ತವನ್ನೇ ಓಡಿಸಿಬಿಟ್ಟಿತ್ತು. ಚಳಿ ತಗುಲಿದರೆ ಎರಡನೆಯ ಗೆಣ್ಣಿನವರೆಗೂ ಮೇಣದಂತೆ ಬೆಳ್ಳಗಾಗುತ್ತಿದ್ದವು. ಸತ್ತ ಬೆರಳು ಎಂದು ಊರಲ್ಲಿ ಅದರ ಹೆಸರು. ಆ ಹೆಸರನ್ನೂ ಹೆಂಗಸರಷ್ಟೇ ಆಡುತ್ತಿದ್ದರು. ಬೆಳಿಗ್ಗೆ ಹೆಂಡತಿಯ ಕೈಯಲ್ಲಿ ಅಂಗಿಯ ಗುಂಡಿ ಹಾಕಿಸಿಕೊಂಡು ಬಂದೆ ಎಂದು ಯಾವ ಗಂಡಸು ಹೇಳಿಕೊಂಡಾನು?

ರಬ್ಬರ್ ಬ್ಯಾಂಡುಗಳಿಂದ ರೆಕ್ಕೆ ಕಟ್ಟಿದ್ದಾಯಿತು. ಇನ್ನು ತೂಕ ನೋಡಬೇಕು. ರೆಕ್ಕೆಯ ಕೆಳಗೆ ಎರಡೂ ಕಡೆ ಒಂದೊಂದು ಬೆರಳ ತುದಿಯಿಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ನಿಲ್ಲಬೇಕು. ಮೂತಿ ತುಸು ಬಾಗಿದರೆ ಚಿಂತೆಯಿಲ್ಲ; ಬಾಲ ಬಾಗಿದರೆ ಅದು ಹಾರಿದ ದಿನವೇ ಅದರ ಕೊನೆಯ ದಿನ. ವಿಲ್ಫ್ ಎತ್ತಿದ. ವಿಮಾನ ಜಾರಿ ಆಲೂಗಡ್ಡೆಯ ಪಾತ್ರೆಗೆ ಬಿತ್ತು.

"ಬೆರಳ ಮೇಲೆ ಇದೆಯೋ ಇಲ್ವೋ ಗೊತ್ತಾಗಲ್ಲ ಕಣೇ."

"ನನ್ನ ಕೈ ಹಿಡಿದಾಗ್ಲೂ ಹಿಂಗೇ ಅಂತೀಯ," ಎಂದು ಹಿಲ್ಡಾ ತಾನೇ ಎತ್ತಿ ಹಿಡಿದಳು. ಅವನು ಎದುರು ಕೂತು, ಮೂತಿಯೊಳಗೆ ಸೀಸದ ತುಂಡು ಇಡುತ್ತ, ತೆಗೆಯುತ್ತ, ಅವಳ ಬೆರಳುಗಳನ್ನೇ ನೋಡುತ್ತಿದ್ದ.

ಮೈದಾನವೆಂದರೆ ಗಣಿಯ ಕಸದ ಗುಡ್ಡೆಯನ್ನು ತಟ್ಟಿ ಹುಲ್ಲು ಬೆಳೆಸಿದ ಜಾಗ. ಮೊದಲ ದಿನ ಸಿರಿಲ್ ವಿಮಾನ ಹಾರಗೊಡಲಿಲ್ಲ. ವಿಲ್ಫ್ ತಂತಿಗಳನ್ನು ಅದಲುಬದಲು ಜೋಡಿಸಿದ್ದ. ಕಡ್ಡಿ ಬಲಕ್ಕೆ ತಳ್ಳಿದರೆ ವಿಮಾನ ಎಡಕ್ಕೆ ಹೊರಳುವಂತಿತ್ತು. "ಮೇಲೆ ಹೋದ್ಮೇಲೆ ಇದನ್ನ ಕಂಡುಹಿಡಿದಿದ್ರೆ ಮನೆಗೆ ಚೀಲದಲ್ಲಿ ತಗೊಂಡು ಹೋಗ್ತಿದ್ದೆ," ಎಂದು ಸಿರಿಲ್ ನಕ್ಕ. ಸಿರಿಲ್ ಗಣಿಯ ದೀಪದ ಕೋಣೆಯಲ್ಲಿ ದುಡಿದವನು. ಅವನ ಬೆರಳುಗಳು ಕೆಟ್ಟಿರಲಿಲ್ಲ.

ಅವನ ರೇಡಿಯೋ ಪೆಟ್ಟಿಗೆಗೂ ವಿಲ್ಫ್‌ನದಕ್ಕೂ ನಡುವೆ ಒಂದು ತಂತಿ. ಸಿರಿಲ್ ಒಂದು ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ವಿಲ್ಫ್‌ನ ಕೈಯಲ್ಲಿ; ಬೆರಳು ತೆಗೆದ ಕ್ಷಣ ಸಿರಿಲ್‌ನ ಕೈಗೆ. ದೂರ ಹೋಗುವಾಗ ಸುಲಭ. ತನ್ನತ್ತ ಬರುವಾಗ ಎಡಬಲ ತಿರುವುಮುರುವಾಗಿ ವಿಲ್ಫ್ ತಬ್ಬಿಬ್ಬಾಗುತ್ತಿದ್ದ.

"ಎಡ ಬಲ ಮರೆತುಬಿಡೋ. ಯಾವ ರೆಕ್ಕೆ ಕೆಳಗೆ ಬೀಳ್ತಿದೆಯೋ ಅದರ ಕಡೆಗೇ ಕಡ್ಡಿ ಕೊಡು. ಗಣೀಲಿ ಕುಸಿಯೋ ಸೂರಿಗೆ ಮರದ ಕಂಬ ಕೊಡ್ತಿರ್ಲಿಲ್ವಾ, ಹಂಗೆ."

ಇದು ವಿಲ್ಫ್‌ಗೆ ಅರ್ಥವಾಯಿತು. ಬೇಸಿಗೆಯ ಬಿಸಿಲಿದ್ದ ದಿನ, ಮೇಲೆ, ಬಯಲಲ್ಲಿ, ಅವನು ದೊಡ್ಡ ದೊಡ್ಡ ಸುತ್ತು ಹೊಡೆಸುತ್ತಿದ್ದ. ಇಳಿಸುವುದು ಮಾತ್ರ ಆಗಲಿಲ್ಲ. ಇಳಿಸಲು ಕಡ್ಡಿಯನ್ನು ಕೂದಲೆಳೆಯಷ್ಟು ಮಿಡಿಯಬೇಕು. ಕಡ್ಡಿ ಇದೆಯೆಂದೇ ಅರಿಯದ ಹೆಬ್ಬೆರಳು ಏನು ಮಿಡಿದೀತು?

ಎರಡನೆಯ ವರ್ಷ, ಎದೆಯೊಳಗಿನ ಕಲ್ಲಿದ್ದಲ ಧೂಳು ಅವನನ್ನು ಮೆಟ್ಟಿಲು ಹತ್ತಲೂ ಬಿಡದಂತಾದ ಮೇಲೆ, ಒಂದು ಮಧ್ಯಾಹ್ನ ವಿಮಾನ ತಗ್ಗಿ ಬಂದು, ಹುಲ್ಲನ್ನು ಸವರಿ, ಅಲುಗದೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ಎದೆಗೆ ರೆಕ್ಕೆ ಚುಚ್ಚಿದರು. ಟೀ ಫ್ಲಾಸ್ಕು ಹಿಡಿದು ಹಿಂದೆ ನಿಂತಿದ್ದ ಹಿಲ್ಡಾ ಮಾತ್ರ ಸಿರಿಲ್‌ನ ಬೆರಳು ಗುಂಡಿಯಿಂದ ಮೇಲೆದ್ದದ್ದನ್ನು ನೋಡಿದ್ದಳು.

ಮನೆಯ ದಾರಿಯಲ್ಲಿ ವಿಲ್ಫ್ ಉಸಿರು ತಗೊಳ್ಳಲು ನಿಂತ. "ಸಿರಿಲ್ ಇಳಿಸ್ದ. ನಂಗೆ ಗೊತ್ತು. ನಾನು ಎಡಕ್ಕೆ ತಳ್ಳಿದ್ದೆ, ಅದು ಬಲಕ್ಕೆ ಹೋಯ್ತು. ಬಾಯಿ ಬಿಡ್ಬೇಡ ಹಿಲ್ಡಾ. ನಂಗೊಂದು ಖುಷಿ ಕೊಟ್ಟೆ ಅಂತ ಮಗುವಿನ ಹಾಗೆ ಹಿಗ್ಗಿದಾನೆ."

*

ಬಾಗಿಲು ತಟ್ಟಿದ ಸದ್ದಾಯಿತು. ಕಂಪನಿಯ ಪಿಕರ್ಸ್‌ಗಿಲ್. ಕರಿಯ ಓವರ್‌ಕೋಟು, ತೊಗಲಿನ ಕೈಗವಸು, ತೋಳಲ್ಲಿ ಬಿಳಿಯ ಪುಷ್ಪಚಕ್ರ. ಊರಲ್ಲಿ ಹಳೆಯ ಗಣಿಗಾರ ಯಾರು ಸತ್ತರೂ ಕಂಪನಿ ಅವನನ್ನು ಕಳಿಸುತ್ತಿತ್ತು. ವಿಲ್ಫ್‌ನ ಪರಿಹಾರದ ಅರ್ಜಿಯ ವಿಚಾರಣೆಯ ದಿನ ಕಂಪನಿಯ ಡಾಕ್ಟರ ಪಕ್ಕದಲ್ಲಿ ಕೂತು ಕ್ಲಬ್ಬಿನ ಪತ್ರಿಕೆಯಲ್ಲಿ ಅಚ್ಚಾದ ಆ ಫೋಟೋವನ್ನು ಚೀಲದಿಂದ ತೆಗೆದುಕೊಟ್ಟವನೂ ಇವನೇ.

"ಒಳ್ಳೇ ಮನುಷ್ಯ," ಎಂದ ಪಿಕರ್ಸ್‌ಗಿಲ್, ಬಾಗಿಲ ಹತ್ತಿರವೇ ನಿಂತು.

"ಹತ್ರ ಬನ್ನಿ," ಎಂದಳು ಏಡಾ. "ಮುಟ್ಟಿ ಹೋಗಿ. ಹೆಣ ಮುಟ್ದೆ ಹೋದ್ರೆ ಕನಸಿಗೆ ಬರುತ್ತೆ."

"ಪರವಾಗಿಲ್ಲ ಬಿಡಿ."

"ನಿಮಗೆ ಪರವಾಗಿಲ್ಲ. ನಮ್ಮ ತಮ್ಮನಿಗೆ ಅಷ್ಟು ದೂರ ನಡೆದು ಬರೋ ಕೆಲಸ."

ಸಿರಿಲ್ ಅರೆಬರೆ ನಕ್ಕು ತಡೆದುಕೊಂಡ. ಪಿಕರ್ಸ್‌ಗಿಲ್ ನಗಲಿಲ್ಲ. ಪುಷ್ಪಚಕ್ರವನ್ನು ಕುರ್ಚಿಗೆ ಒರಗಿಸಿ ಸಿರಿಲ್‌ನತ್ತ ತಿರುಗಿದ. "ನೀವೂ ಪ್ರಾರ್ಥನಾಮಂದಿರದಲ್ಲಿ ಮಾತಾಡ್ತೀರಂತೆ. ಚೆನ್ನಾಗಿ ಹಾರಿಸ್ತಿದ್ರು ಅಲ್ವಾ? ಅಂಥ ಕೈ ಎಲ್ಲರಿಗೂ ಬರಲ್ಲ."

ಹಿಲ್ಡಾ ಸಿರಿಲ್‌ನ ತೋಳು ಹಿಡಿದು ಹಿಂದಿನ ಪಾತ್ರೆ ತೊಳೆಯುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

*

ಅಂದು ವಿಚಾರಣೆಯ ಕೋಣೆಯಲ್ಲಿ ಒಳ್ಳೆಯ ಕಾವಿತ್ತು. ಕಾವಿದ್ದಲ್ಲಿ ಬೆರಳು ಬೆಳ್ಳಗಾಗುವುದಿಲ್ಲ. ಅದು ಗೊತ್ತಿದ್ದೇ ಆ ಕೋಣೆಯನ್ನು ಕಾಯಿಸಿಟ್ಟಿದ್ದರೋ ಏನೋ. ಡಾಕ್ಟರು ವಿಲ್ಫ್‌ನ ಕೈಯನ್ನು ತಿರುಗಿಸಿ ನೋಡಿ, ಕೆಳಗಿಟ್ಟು, ಫೋಟೋ ಮುಂದೆ ಚಾಚಿದರು. ಅದರಲ್ಲಿ ವಿಲ್ಫ್, ಅವನ ಕೈಯಲ್ಲಿ ಪೆಟ್ಟಿಗೆ, ಎದೆಯ ಮೇಲೆ ರೆಕ್ಕೆ. ಪಕ್ಕದ ಸಿರಿಲ್‌ನನ್ನೂ ನಡುವಿನ ತಂತಿಯನ್ನೂ ಅಚ್ಚುಹಾಕಿದವರು ಜಾಗ ಸಾಲದೆಂದು ಕತ್ತರಿಸಿದ್ದರು.

"ಆಸ್ಕ್ಯೂ ಅವರೇ, ಈ ವಿಮಾನ ಇಳಿಸಿದ್ದು ನೀವೇನಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ವಿಲ್ಫ್ ಹಿಂದಕ್ಕೆ ತಿರುಗಿ ನೋಡಿದ. ಬೆಂಚಿನ ಮೇಲೆ ಹಿಲ್ಡಾ. ಅವಳ ಪಕ್ಕ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಸಿರಿಲ್.

"ಹೌದು," ಎಂದ ವಿಲ್ಫ್. "ನಾನೇ."

ಬೆರಳುಗಳಿಗೆ ರೋಗವಿಲ್ಲ, ಅರ್ಜಿದಾರನ ಮಾತು ನಂಬಲರ್ಹವಲ್ಲ ಎಂದು ತೀರ್ಪಾಯಿತು. ಅಂದು ರಾತ್ರಿ ಅವನ ಅಂಗಿಯ ಗುಂಡಿ ಬಿಚ್ಚಲು ಹಿಲ್ಡಾ ಹೋಗಲಿಲ್ಲ. ಅವನು ಅಂಗಿಯಲ್ಲೇ ಮಲಗಿದ.

*

"ವಿಲ್ಫ್‌ಗೆ ಗೊತ್ತಿತ್ತು," ಎಂದಳು ಹಿಲ್ಡಾ, ಪಾತ್ರೆ ತೊಳೆಯುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು.

"ಏನು?"

"ಇಳಿಸಿದ್ದು ನೀನು ಅಂತ."

ಸಿರಿಲ್ ಕಲ್ಲುತೊಟ್ಟಿಯ ಅಂಚನ್ನು ಹಿಡಿದುಕೊಂಡ. "ಯಾವಾಗಿಂದ?"

"ನೀನು ಬೆರಳು ತೆಗೆದಾಗಿಂದ. ಕಳ್ಳರೆಕ್ಕೆ ಕೊಟ್ಟೋನು ನೀನು ಅಂತ ಅಷ್ಟು ಜನರ ಮುಂದೆ ಆಗ್ಬಾರ್ದು ಅಂತ ಹೌದು ಅಂದ. ದೊಡ್ಡ ಧರ್ಮರಾಯ. ಅವನಿಗೆ ನಿನ್ನ ಮುಖ ಕಾಣಿಸ್ತು, ನನ್ನ ಮುಖ ಕಾಣಿಸ್ಲಿಲ್ಲ."

"ನಂಗೆ ಹೇಳ್ಬೇಕಿತ್ತು ಹಿಲ್ಡಾ."

"ಬದುಕಿರೋವರೆಗೂ ಬಾಯಿ ಕಟ್ಟಿಹಾಕಿದ್ದ. ಈಗ ಬಿಚ್ಚಿದೀನಿ. ನೀನೂ ಬಿಚ್ಚು."

"ಹೆಣ ಮುಂದಿಟ್ಕೊಂಡು, ಅವನ ಕೈಲಾಗ್ಲಿಲ್ಲ ಅಂತ ಹೇಳ್ಲಾ? ಅಷ್ಟೂ ಗಂಡಸರ ಮುಂದೆ? ಅದೊಂದೇ ಇತ್ತು ಕಣಮ್ಮ ಅವನಿಗೆ."

"ಕೈಲಾಗದ ಹಾಗೆ ಮಾಡಿದೋರು ಕಳಿಸಿದ ಮನುಷ್ಯ ಮುಂದಿನ ಕೋಣೇಲಿ ನಿಂತಿದಾನೆ. ಅವನಿಗೆ ಕೇಳೋ ಹಾಗೆ ಹೇಳು. ನಿನ್ನಿಂದ ಆಗ್ದಿದ್ರೆ ನಾನು ಹೇಳ್ತೀನಿ. ಆದ್ರೆ ಹೆಂಡ್ತಿ ಮಾತನ್ನ ವಿಚಾರಣೆ ಕೋಣೇಲಿ ಯಾರೂ ಬರ್ಕೊಳ್ಳಲ್ಲ."

*

ಪ್ರಾರ್ಥನಾಮಂದಿರ ತುಂಬಿತ್ತು. ಆಬ್ರಿ ಆಕಾಶದ ಮಾತು ಎತ್ತಲಿಲ್ಲ. ವಿಲ್ಫ್ ಹುಟ್ಟಿದ ಬೀದಿ, ಇಳಿದ ಗಣಿ, ಕಟ್ಟಿಕೊಂಡ ಹೆಂಡತಿ ಇವಿಷ್ಟನ್ನು ಹೇಳಿ ಸಿರಿಲ್‌ನನ್ನು ಕರೆದ.

ಸಿರಿಲ್ ಎದ್ದು ಮುಂದೆ ಹೋಗಿ ನಿಂತ. ಯಾರೋ ಕೆಮ್ಮಿದರು, ಅದು ಧೂಳಿನ ಕೆಮ್ಮು, ಬೇಗ ನಿಲ್ಲಲಿಲ್ಲ.

"ವಿಲ್ಫ್ ವಿಮಾನ ಇಳಿಸ್ಲಿಲ್ಲ," ಎಂದ ಸಿರಿಲ್. "ಇಳಿಸಿದ್ದು ನಾನು. ರೆಕ್ಕೆ ಕೊಟ್ಟಿದ್ದೂ ನಾನೇ. ಅವನ ಬೆರಳು ಸತ್ತಿದ್ವು. ಕಡ್ಡಿ ಎಲ್ಲಿದೆ ಅಂತ ಕಣ್ಣಲ್ಲಿ ನೋಡ್ಕೊಂಡು ಹಾರಿಸ್ತಿದ್ದ. ಆಗ ವಿಮಾನ ಕಣ್ಣಿಂದ ತಪ್ಪಿಹೋಗೋದು. ಎರಡೂ ಒಟ್ಟಿಗೆ ಆಗ್ತಿರ್ಲಿಲ್ಲ. ಎರಡು ವರ್ಷ ಪಕ್ಕದಲ್ಲಿ ನಿಂತು ನೋಡಿದೀನಿ. ಎಲ್ಲಿ ಬೇಕಾದ್ರೂ ಬಂದು ಪ್ರಮಾಣ ಮಾಡ್ತೀನಿ." ಮೂಗು ಒರೆಸಿಕೊಂಡ. "ನಿಮ್ಮ ಪೈಕಿ ಎಷ್ಟು ಜನಕ್ಕೆ ಹಿಂಗಿದೆ ಅಂತ ನಂಗೊತ್ತು. ನಿಮ್ಮ ಹೆಂಡ್ತಿರಿಗೂ ಗೊತ್ತು."

ಗಂಡಸರು ನೆಲ ನೋಡಿದರು. ಎರಡನೆಯ ಸಾಲಿನಲ್ಲಿ ಪಿಕರ್ಸ್‌ಗಿಲ್ ಪ್ರಾರ್ಥನೆಯ ಪುಸ್ತಕದ ಪುಟ ತಿರುವಿದ. ಹಿಲ್ಡಾಳಿಗೆ ಸಮಾಧಾನವಾಗಲಿಲ್ಲ. ಒಬ್ಬ ಗೆಳೆಯನ ಮಾತು. ಕಂಪನಿ ಅದನ್ನು ಗೆಳೆಯನ ಮಾತೆಂದೇ ತಳ್ಳಿಹಾಕುತ್ತದೆ.

ಸ್ಮಶಾನ ದಿಬ್ಬದ ಮೇಲಿತ್ತು. ಜನವರಿಯ ಗಾಳಿ ಸಮುದ್ರದಿಂದ ನೇರ ಬಂದು ಕೋಟುಗಳನ್ನು ಜಗ್ಗುತ್ತಿತ್ತು. ಪೆಟ್ಟಿಗೆ ಇಳಿಯಿತು. ಹಿಲ್ಡಾ ಮಣ್ಣು ಹಾಕಿದಳು, ಏಡಾ ಹಾಕಿದಳು. ಇತ್ತೀಚಿನ ವರ್ಷಗಳಲ್ಲಿ ಗಂಡಸರು ಮಣ್ಣು ಹಾಕುವುದನ್ನು ಹೆಂಗಸರಿಗೆ ಬಿಟ್ಟಿದ್ದರು. ಹಾಕಿದರೂ ಗವಸು ತೆಗೆಯುತ್ತಿರಲಿಲ್ಲ.

ವಿಲ್ಫ್‌ನ ಜತೆ ಒಂದೇ ಯಂತ್ರ ಹಿಡಿದಿದ್ದ ಜಾಸ್ ಗಾರ್‌ಸೈಡ್ ಮುಂದೆ ಬಂದ. ಗುಂಡಿಯ ಅಂಚಿನಲ್ಲಿ ನಿಂತು ಎಡಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದ, ಬಳಿಕ ಬಲಗೈಯದನ್ನು. ಎರಡನ್ನೂ ಜೇಬಿಗೆ ತುರುಕಿ, ಬರಿಗೈಯಲ್ಲಿ ಕಾದ. ಗಾಳಿಯಲ್ಲಿ ಬೆರಳುಗಳು ಒಂದೊಂದಾಗಿ ಬೆಳ್ಳಗಾದವು. ಆಗ ಬಾಗಿ ಮಣ್ಣು ಹಿಡಿದ. ಅರ್ಧ ಬೆರಳ ಸಂದಿಯಿಂದ ಸೋರಿತು.

ಅವನ ಹಿಂದಿನವನೂ ಗವಸು ಕಚ್ಚಿ ಎಳೆದ. ಅದರಾಚೆಯವನು ಜೇಬಿನಿಂದ ಕೈ ತೆಗೆದ. ಯಾರೂ ಅವಸರ ಮಾಡಲಿಲ್ಲ. ಮಣ್ಣು ಹಾಕಿದವರು ಮನೆಗೆ ಹೋಗದೆ ಗುಂಡಿಯ ಸುತ್ತ ನಿಂತರು, ಕೈಗಳನ್ನು ಹೊಟ್ಟೆಯ ಮೇಲೆ ಹೊರಗಿಟ್ಟುಕೊಂಡು. ಕರಿಯ ಕೋಟುಗಳ ಮೇಲೆ ಬಿಳಿಯ ಬೆರಳುಗಳು.

ಸಾಲಿನ ಕೊನೆಗೆ ಪಿಕರ್ಸ್‌ಗಿಲ್ ಉಳಿದ. ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ. ಏಡಾ ಮಣ್ಣಿನ ಮರದ ತಟ್ಟೆಯನ್ನು ಅವನ ಮುಂದೆ ಹಿಡಿದಳು. ಅವನು ತೊಗಲಿನ ಗವಸನ್ನು ಬೆರಳು ಬೆರಳಾಗಿ ಬಿಡಿಸಿ ತೆಗೆದು ಕೈ ಚಾಚಿದ. ಚಳಿಗಾಳಿ ಆ ಕೈಗೂ ತಾಗಿತು. ಮಣ್ಣಿನ ಮೇಲೆ ನಿಂತಿದ್ದ, ಎಂದೂ ಯಂತ್ರ ಹಿಡಿಯದ ಆ ಕೈ, ಎಲ್ಲರ ಕಣ್ಣೆದುರಿಗೇ, ಬೆರಳ ತುದಿಗಳಿಂದ ಮಣಿಕಟ್ಟಿನವರೆಗೆ ರಕ್ತ ತುಂಬಿ ಮೆಲ್ಲಮೆಲ್ಲನೆ ಕೆಂಪಗಾಗುತ್ತ ಹೋಯಿತು.