ಟೈಲರನ ಎಡಗಣ್ಣು

ಹೆಂಗಸರ ಬಟ್ಟೆ ಹೊಲಿಯುವವನ ಬಂಡವಾಳ ಹೊಲಿಗೆ ಯಂತ್ರವಲ್ಲ, ಮಾನ. ಅಂಥದ್ದರಲ್ಲಿ ಅಂಚೆ ಕಚೇರಿಯ ಮೇಡಂ ಅಳತೆ ಕೊಡುವುದನ್ನು ಅರ್ಧಕ್ಕೇ ಬಿಟ್ಟು, ಟೈಲರನ ಹೆಂಡತಿಯನ್ನು ಬಾಗಿಲಿಗೆ ಕರೆದರು.

"ನಿನ್ನ ಗಂಡ ನನಗೆ ಕಣ್ಣು ಹೊಡೆದ ಕಣಮ್ಮ. ಈ ವಯಸ್ಸಲ್ಲಿ!"

ಹೇಳಿದವರೇ ಹೊರಟುಬಿಟ್ಟರು. ಮೇಡಂ ಕಿಟಕಿಯ ಮುಂದೆ ಊರೇ ಸಾಲು ನಿಲ್ಲುತ್ತದೆ. ಮಾತು ಒಮ್ಮೆ ಅಲ್ಲಿ ಬಿದ್ದರೆ ಯಾವ ಹೆಂಗಸೂ ಈ ಅಂಗಡಿಗೆ ಕಾಲಿಡುವುದಿಲ್ಲ. ಹೆಂಡತಿ ಗುಂಡಿ ಹಾಕುತ್ತಿದ್ದ ಸೂಜಿ ಹಿಡಿದೇ ಒಳಗೆ ನುಗ್ಗಿದಳು.

"ಏನ್ರೀ, ತಲೆ ನೆರೆತ ಮೇಲೆ ಇದೊಂದು ಬಾಕಿ ಇತ್ತಾ?"

"ಹೊಡೆದಿಲ್ಲ ಕಣೇ! ಸೂಜಿಗೆ ದಾರ ಪೋಣಿಸಿ ಪೋಣಿಸಿ ಒಂದು ಕಣ್ಣು ಮುಚ್ಚೋದು ಅಭ್ಯಾಸ ಆಗಿಬಿಟ್ಟಿದೆ."

"ಅವರ ಸೊಂಟಕ್ಕೆ ಟೇಪು ಸುತ್ತುವಾಗ ಯಾವ ಸೂಜಿ ಇತ್ತು?"

ಅವನು ಉತ್ತರಿಸುವಷ್ಟರಲ್ಲಿ ಎಡಗಣ್ಣಿನ ರೆಪ್ಪೆ ಅಂಗಡಿಯ ಶಟರ್‌ನಂತೆ ಮೆಲ್ಲಗೆ ಜಾರಿ ಅರ್ಧಕ್ಕೆ ನಿಂತಿತು. ಅವಳು ಬೆರಳಿನಿಂದ ಎತ್ತಿದಳು. ಮತ್ತೆ ಬಿತ್ತು. ಅವಳ ಕೋಪವೂ ಅದರ ಜೊತೆಗೇ ಇಳಿಯಿತು. ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ನರರೋಗದ ಡಾಕ್ಟರಮ್ಮ, "ಈಚೆಗೆ ಏನಾದ್ರೂ ಮಾತ್ರೆ ತಗೊಂಡ್ರಾ?" ಎಂದರು.

"ಕಫಕ್ಕೆ ಆ್ಯಂಟಿಬಯಾಟಿಕ್. ಅದು ಶುರುವಾದ ಮೇಲೇ, ಸಂಜೆಯಾದ್ರೆ ಒಂದು ಹೊಲಿಗೆ ಎರಡಾಗಿ ಕಾಣುತ್ತೆ. ಊಟ ಮುಗಿಯೋದ್ರೊಳಗೆ ದವಡೆ ಸೋತುಹೋಗುತ್ತೆ."

"ಇದನ್ನ ನನಗ್ಯಾಕೆ ಹೇಳಲಿಲ್ಲ?" ಎಂದಳು ಹೆಂಡತಿ.

"ನೀನು ಬಾಯಿ ಬಿಡೋಕೆ ಬಿಟ್ರೆ ತಾನೇ!"

ಡಾಕ್ಟರಮ್ಮ ನಗುತ್ತಾ ಕೈಗವಸಿನಲ್ಲಿ ಮಂಜುಗಡ್ಡೆ ತುಂಬಿ ಆ ಕಣ್ಣಿನ ಮೇಲಿಟ್ಟರು. ತೆಗೆದಾಗ ರೆಪ್ಪೆ ಪೂರ್ತಿ ಮೇಲೆ!

"ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ ಇರಬೇಕು. ದಣಿದಷ್ಟೂ ಹೆಚ್ಚುತ್ತೆ, ತಂಪಿಗೆ ಸ್ವಲ್ಪ ಹೊತ್ತು ಸುಧಾರಿಸುತ್ತೆ. ರಕ್ತ ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ. ಮೊದಲೇ ಒಳಗೆ ಅಡಗಿ ಕೂತಿತ್ತು, ಆ ಮಾತ್ರೆ ಅದನ್ನ ಬೀದಿಗೆಳೀತು. ಅದನ್ನ ನಿಲ್ಲಿಸಿ, ಬೇರೆ ಕೊಡ್ತೀನಿ. ಇದಕ್ಕೆ ಔಷಧಿ ಇದೆ, ಹೆದರಬೇಡಿ. ಆದ್ರೆ ನುಂಗೋಕೆ, ಉಸಿರಾಡೋಕೆ ಕಷ್ಟವಾದ್ರೆ ತಕ್ಷಣ ಓಡಿಬನ್ನಿ."

ರಕ್ತ ಕೊಡಿಸಿ ಹೊರಗೆ ಬಂದ ಹೆಂಡತಿ ಮನೆಯ ದಾರಿ ಹಿಡಿಯಲಿಲ್ಲ. ಜ್ಯೂಸಿನ ಅಂಗಡಿಯಲ್ಲಿ ಮಂಜುಗಡ್ಡೆ ಕೇಳಿ ಪಡೆದು, ಗಂಡನನ್ನು ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಲ್ಲಿಸಿದಳು. ರೆಪ್ಪೆ ಆಗಲೇ ಮತ್ತೆ ಇಳಿಬಿದ್ದಿತ್ತು.

"ಮೇಡಂ, ಇದು ಪೋಲಿತನ ಅಲ್ಲ, ಕಾಯಿಲೆ. ನೋಡಿ!"

ಸಾಲಿನವರೆಲ್ಲ ಕತ್ತು ಚಾಚಿದರು. ಅವಳು ರೆಪ್ಪೆಯ ಮೇಲೆ ಮಂಜುಗಡ್ಡೆ ಒತ್ತಿ ಹಿಡಿದಳು. ಟೈಲರ್ ಚಳಿಗೆ ಹಲ್ಲು ಕಚ್ಚಿ ನಿಂತ. ಮಂಜುಗಡ್ಡೆ ತೆಗೆದೊಡನೆ ಕಣ್ಣು ಅಗಲವಾಗಿ ತೆರೆಯಿತು. ಯಾರೋ ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ನನಗೆ ಕಣ್ಣು ಹೊಡೆದೇ ಇಲ್ವಾ?" ಮೇಡಂ ದನಿಯಲ್ಲಿ ಕೊಂಚ ನಿರಾಸೆಯಿತ್ತು. ಸಾಲಿಗೆ ಸಾಲೇ ಘೊಳ್ಳೆಂದಿತು. ಅವರೂ ನಕ್ಕರು. "ಆಯ್ತಪ್ಪ. ಸಂಜೆ ಬರ್ತೀನಿ, ಉಳಿದ ಅಳತೆ ತಗೋ."

"ಬೆಳಿಗ್ಗೆ ಬನ್ನಿ ಮೇಡಂ," ಎಂದಳು ಹೆಂಡತಿ. "ಸಂಜೆಯಾದ್ರೆ ಅದು ಯಾರಿಗೆ ಬೇಕಾದ್ರೂ ಹೊಡೆಯುತ್ತೆ."