ಫೌಸ್ತೀನೊನಿಗೆ ಮಾತ್ರ ಕಂಡ ಹುಸಿಮರಳು

ಪಾದ್ರಿಗಳು ಬಂದಿದ್ದಾರೆಂದು ಆಚೆ ದಡದ ಇಗರ್ಜಿಯ ಗಂಟೆ ಬೆಳಿಗ್ಗೆಯೇ ಸಾರಿತು. ಈಚೆ ದಡದಲ್ಲಿ ಫೌಸ್ತೀನೊನ ಎದೆ ಧಸಕ್ಕೆಂದಿತು.

ರಿಯೊ ಗ್ರಾಂಡೆಯ ಆ ತಿರುವಿನಲ್ಲಿ ನದಿ ದಾಟಿಸುವುದು ಅಜ್ಜನ ಕಾಲದಿಂದಲೂ ಅವನ ಮನೆತನದ ಕೆಲಸ. ಒಂದು ಕಡೆ ನೆಟ್ಟಗೆ ಇರುವುದು ಆ ನದಿಗೆ ಗೊತ್ತೇ ಇಲ್ಲ. ನಿನ್ನೆ ಗಾಡಿ ಹೋದಲ್ಲಿ ಇವತ್ತು ಎತ್ತು ಮುಳುಗುತ್ತದೆ; ನಿನ್ನೆ ಆಳವಿದ್ದಲ್ಲಿ ಇವತ್ತು ಕೊಕ್ಕರೆ ಓಡಾಡುತ್ತಿರುತ್ತದೆ. ನೀರು ಸಣ್ಣ ಅಲೆಯೆಬ್ಬಿಸಿ ವಟಗುಟ್ಟುತ್ತಿದ್ದರೆ ತಳ ಗಟ್ಟಿ. ಎಣ್ಣೆ ಸುರಿದಂತೆ ನುಣ್ಣಗೆ ಹೊಳೆಯುತ್ತಿದ್ದರೆ ಅಡಿಯಲ್ಲಿ ಹುಸಿಮರಳು, ಕಾಲಿಟ್ಟವರನ್ನು ನುಂಗುವಂಥದ್ದು. ಫೌಸ್ತೀನೊ ಆಗುತ್ತದೆ ಎಂದರೆ ಊರು ದಾಟಬೇಕು, ಆಗದು ಎಂದರೆ ಹೆಣವೂ ಕಾಯಬೇಕು. ಅವನ ಮಾತಿನ ಮೇಲೆ ಅಪೀಲಿಲ್ಲ.

ಈ ದೊಡ್ಡಸ್ತಿಕೆಯನ್ನು ಅವನು ಕಳೆದ ವರ್ಷ ಎರಡು ಸಲ ಸ್ವಂತಕ್ಕೆ ಬಳಸಿಕೊಂಡಿದ್ದ. ತಂಗಿ ಬ್ರಿಜಿದಾಳಿಗೆ ಆಚೆ ದಡದ ಸಿಪ್ರಿಯಾನೊನೊಂದಿಗೆ ಮದುವೆ ಗೊತ್ತಾಗಿತ್ತು. ಅವಳು ಗಂಡ ಸತ್ತವಳು, ಅವನು ಹೆಂಡತಿ ಸತ್ತವನು, ಮನುಷ್ಯ ಬಂಗಾರದಂಥವನು. ಬೇಡವೆನ್ನಲು ಕಾರಣವೇ ಇರಲಿಲ್ಲ. ಆದರೆ ಮದುವೆಯನ್ನೇ ಆಗದ ಫೌಸ್ತೀನೊನ ಮನೆಯಲ್ಲಿ ಮಾತುಕತೆ ಅಂತ ಇದ್ದದ್ದು ಆ ತಂಗಿಯಿಂದ. ಅವಳು ಬೈಯುತ್ತ ಮೆಕ್ಕೆಜೋಳದ ಗಂಜಿ ಕಲಕದಿದ್ದರೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಮದುವೆ ಮಾಡಿಸುವ ಪಾದ್ರಿ ಆ ಕಡೆ ಬರುವುದೇ ಅಪರೂಪ. ಬಂದ ಎರಡು ಸಲವೂ ಇವನು ನೀರಿಗಿಳಿದು ಕೋಲು ಚುಚ್ಚಿ, ಮುಖ ಸಪ್ಪೆ ಮಾಡಿಕೊಂಡು ಬಂದು, ತಳ ಮೆತ್ತಗಿದೆ ಎಂದುಬಿಟ್ಟಿದ್ದ. ಪಾದ್ರಿ ಕಾದು ಕಾದು ಹೊರಟುಹೋಗಿದ್ದರು.

"ಏನಂತದಣ್ಣ ನಿನ್ನ ನದಿ?" ನೀಲಿ ಲಂಗ ಉಟ್ಟು ಬ್ರಿಜಿದಾ ಬಾಗಿಲಲ್ಲಿ ನಿಂತಿದ್ದಳು.

"ನೋಡ್ಬೇಕಮ್ಮ. ಉತ್ತರದ ಬೆಟ್ಟದಾಗೆ ಹಿಮ ಕರಗ್ತಾ ಐತೆ. ಮೆತ್ತಗಿರಬೌದು."

"ಮೆತ್ತಗಿದ್ರೆ ಆಡು ಹೊಡಿ. ತುಳಿದು ತುಳಿದು ಗಟ್ಟಿ ಮಾಡ್ತವೆ. ಅಪ್ಪ ಹಂಗೇ ಮಾಡ್ತಿರ್ಲಿಲ್ವಾ? ನಾನಾಗ್ಲೇ ದೊಡ್ಡಿ ಬಾಗ್ಲು ತೆಗ್ದಿದೀನಿ."

ನೋಡಿದರೆ ಆಡುಗಳೆಲ್ಲ ದಡದಲ್ಲಿ! ಫೌಸ್ತೀನೊ ನೀರಿಗಿಳಿದ. ಅರಚಿಕೊಳ್ಳುವ ಮಂದೆಯನ್ನು ಆಚೆಗೆ ಹೊಡೆದ, ಈಚೆಗೆ ಹೊಡೆದ, ಮತ್ತೆ ಆಚೆಗೆ ಹೊಡೆದ. ಗೊರಸುಗಳ ಕೆಳಗೆ ಮರಳು ನೀರು ಬಿಟ್ಟು ಬಿಗಿಯಾಯಿತು. ಅರೆಬರೆ ತುಳಿಸಬಹುದಿತ್ತು. ಆದರೆ ಸುಳ್ಳು ಹೇಳಿದಷ್ಟು ಸುಲಭವಾಗಿ ಕೆಟ್ಟ ದಾರಿ ಮಾಡುವುದು ಅವನ ಕೈಲಾಗಲಿಲ್ಲ.

ತಂಗಿಯನ್ನು ಗಾಡಿಯಲ್ಲಿ ಕೂರಿಸಿ, ಎತ್ತುಗಳ ಮುಂದೆ ತಾನು ನಡೆದ. ನೀರಿನ ನಡುವೆ ನಿಲ್ಲಬಾರದು, ಏನೇ ಆದರೂ ನಿಲ್ಲಬಾರದು; ನಿಂತ ಚಕ್ರ ಹೂತುಕೊಳ್ಳುತ್ತದೆ. ಅಲ್ಲಿ ಮಗುವಿಗೂ ಅದು ಗೊತ್ತು.

"ಹೋದ್ಸಲಾನೂ ಹಿಂಗೇ ಗಟ್ಟಿಯಾಗಿತ್ತು," ಎಂದಳು ಬ್ರಿಜಿದಾ ಹಿಂದಿನಿಂದ.

"ಯಾವಾಗ?"

"ಮೆತ್ತಗೈತೆ ಅಂದ್ಯಲ್ಲ, ಅವತ್ತೇ. ನೀನು ಉಂಡು ಮಲಗಿದ ಮೇಲೆ ನಾನು ಇಳಿದು ನೋಡ್ದೆ. ನೀರು ಮಂಡಿಗಿತ್ತು. ತಳ ನಮ್ಮನೆ ನೆಲದಂಗಿತ್ತು."

ಫೌಸ್ತೀನೊ ನಿಂತುಬಿಟ್ಟ. ಎತ್ತುಗಳೂ ನಿಂತವು.

"ನಿಲ್ಬೇಡ್ವೋ! ಹುಟ್ಟಿದಾಗ್ಲಿಂದ ಊರಿಗೆಲ್ಲ ಹೇಳ್ತೀಯ, ನಿಂಗೇನಾಯ್ತೋ!"

ಎಡಗಡೆ ಚಕ್ರ ಗುಳಕ್ಕೆಂದು ಇಳಿಯಿತು. ಬ್ರಿಜಿದಾ ಲಂಗದ ಸಮೇತ ನೀರಿಗೆ ಹಾರಿ ಗಾಡಿಗೆ ಹೆಗಲು ಕೊಟ್ಟಳು. ಆಚೆ ದಡದಿಂದ ಮದುಮಗ ಸಿಪ್ರಿಯಾನೊ ಹಗ್ಗ ಹಿಡಿದು ಓಡಿಬಂದ. ಎಳೆದು, ನೂಕಿ, ಎತ್ತುಗಳ ವಂಶವನ್ನೆಲ್ಲ ಬೈದು, ಅಂತೂ ದಡ ಸೇರಿದರು. ಮೂವರೂ ತೊಪ್ಪೆ.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?" ಫೌಸ್ತೀನೊ ತಲೆ ತಗ್ಗಿಸಿ ಕೇಳಿದ.

"ನೀನೇ ಬಾಯಿಬಿಡ್ತೀಯ ಅಂತ. ಹೋಗ್ಬೇಡ ಅನ್ನೋಕೆ ನದಿ ಮೇಲೆ ಸುಳ್ಳು ಹೇಳ್ಬೇಕಿತ್ತಾ?"

"ಹೋಗ್ಬೇಡ ಅಂದಿದ್ರೆ ನೀನು ಹೋಗ್ತಾನೇ ಇರ್ಲಿಲ್ಲ. ಅದ್ಕೇ ಅನ್ಲಿಲ್ಲ."

ಫೌಸ್ತೀನೊ ಒದ್ದೆ ಹಗ್ಗ ಸುತ್ತತೊಡಗಿದ. ಬ್ರಿಜಿದಾ ಸಿಪ್ರಿಯಾನೊನ ಮುಖ ನೋಡಿದಳು. ಅವನು ನಗು ತಡೆಯಲಾರದೆ ಕೆಮ್ಮಿದ.

"ಯಾರು ಎಲ್ಲಿಗೆ ಹೋಗೋದು ಭಾವ? ಒಂದು ಸಲ ನನ್ನ ಮನೆ ಕಡೆ ನೋಡಿ."

ಒಂದು ವರ್ಷದಿಂದ ಫೌಸ್ತೀನೊ ಆ ಮನೆಯ ಕಡೆ ಕಣ್ಣೆತ್ತಿರಲಿಲ್ಲ. ಈಗ ನೋಡಿದ. ನದಿ ತಿರುವಿನಲ್ಲಿ ದಡ ಕೊರೆದು ಕೊರೆದು ಅಡಿಗೆಮನೆಯನ್ನು ತಿಂದುಹಾಕಿತ್ತು. ಉಳಿದ ಗೋಡೆ ನೀರಿನ ಮೇಲೆ ಬಾಗಿತ್ತು. ಅಂಗಳದಲ್ಲಿ ಮಂಚ, ಪಾತ್ರೆ, ನೇಗಿಲು ಎಲ್ಲ ಗಾಡಿಗೇರಿದ್ದವು.

"ನಾನೇ ನಿಮ್ಮ ಕಡೆಗೆ ಬರೋದು ಅಂತ ನಮ್ಮಿಬ್ರಲ್ಲಿ ಮೊದ್ಲೇ ಮಾತಾಗಿತ್ತು. ನೀವು ದಾಟಿಸಿದ್ರೆ ತಾನೆ?"

"ನಿಂಗೆ ಹೇಳೋಣ ಅಂದ್ರೆ," ಬ್ರಿಜಿದಾ ಲಂಗ ಹಿಂಡುತ್ತ ಅಂದಳು, "ಇವ್ರ ಹೆಸರೆತ್ತಿದ್ರೆ ಸಾಕು, ಆಡು ನೋಡ್ಬೇಕು ಅಂತ ಎದ್ದೋಗ್ತಿದ್ದೆ."

ಫೌಸ್ತೀನೊ ಮೂಗೊರೆಸಿಕೊಂಡ. ಊರಿಗೆಲ್ಲ ನದಿ ಓದಿ ಹೇಳುವವನಿಗೆ ಕಣ್ಣೆದುರಿನ ದಡ ಕಾಣದೇ ಹೋದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು.

ಇಗರ್ಜಿಯ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಪಾದ್ರಿಗಳು ಮೂವರನ್ನೂ ಮೇಲಿಂದ ಕೆಳಗೆ ನೋಡಿದರು.

"ಹೆಣ್ಣಿನ ಕಡೆಯವರು ಯಾರಪ್ಪಾ?"

"ನಾನೇ ಸ್ವಾಮಿ. ಗಂಡಿನ ಕಡೆಗೂ ಇನ್ಮೇಲೆ ನಾನೇ," ಎಂದ ಫೌಸ್ತೀನೊ. "ಸಂಜೆಗೆ ನೀರು ಏರ್ತದೆ. ಅಷ್ಟ್ರೊಳಗೆ ಇಬ್ರನ್ನೂ ದಾಟಿಸ್ಕೊಂಡು ಮನೆಗೆ ಹೋಗ್ಬೇಕು. ಸ್ವಲ್ಪ ಬೇಗ ಬೇಗ ಓದಿ."